ಕೋಳಿಯ ಗೊರಗೊರ ಸದ್ದಿಗೆ ಅರಿಶಿನವೋ, ಪುಡಿಯೋ, ಗಾಳಿಯೋ?

ಕೊಪ್ಪಳ ಜಿಲ್ಲೆಯ ಕಾರಟಗಿಯ ನಮ್ಮ ಹಿತ್ತಿಲಲ್ಲಿ 14 ಜವಾರಿ ಕೋಳಿಗಳಿವೆ. ಕೋಳಿಗೆ ನೆಗಡಿಯಾಗಿದೆಯೇ ಎಂಬುದು ಹಗಲಲ್ಲಿ ಸುಲಭವಾಗಿ ತಿಳಿಯುವುದಿಲ್ಲ. ಕೆದಕಿ ಕಾದಾಡುವಾಗ ಎಲ್ಲವೂ ಗಟ್ಟಿಮುಟ್ಟಾಗಿಯೇ ಕಾಣುತ್ತವೆ. ರಾತ್ರಿ ಗೂಡು ಸೇರಿ ಸುಮ್ಮನಾದ ಮೇಲೆ ಕತ್ತಲಲ್ಲಿ ಕಿವಿಗೊಡಬೇಕು. ಈ ಚಳಿಗಾಲದಲ್ಲಿ ಹಾಗೆ ನಿಂತಾಗ ಗೊರಗೊರ ಸದ್ದು ಕೇಳಿತು. ಬೆಳಿಗ್ಗೆ ನೋಡಿದರೆ 3 ಹೇಂಟೆಗಳ ರೆಕ್ಕೆಯ ಗರಿಗಳು ಸಿಂಬಳ ಒರೆಸಿ ಒರೆಸಿ ಅಂಟಿಕೊಂಡಿದ್ದವು.

ಅತ್ತೆಯವರದು ಅರಿಶಿನದ ಪಕ್ಷ. ಬೆಳ್ಳುಳ್ಳಿ, ಅರಿಶಿನ, ಕಾಳುಮೆಣಸು ಜಜ್ಜಿ ಜೋಳದ ನುಚ್ಚಿನಲ್ಲಿ ಕಲಸಿ 5 ದಿನ ಹಾಕಿದೆವು. ಕೋಳಿಗಳು ಖುಷಿಯಿಂದ ತಿಂದವು, ಸದ್ದು ಮಾತ್ರ ಹಾಗೆಯೇ ಇತ್ತು. ಇದರಿಂದ ಕೆಡುಕೇನೂ ಆಗಲಿಲ್ಲ ಎನ್ನಬಹುದಿತ್ತು, ಆದರೆ ಒಂದು ದಿನ ಅತ್ತೆ ಅರಿಶಿನದ ಎಣ್ಣೆಯನ್ನು ಕೊಕ್ಕು ಬಿಡಿಸಿ ಸುರಿದರು. ಕೋಳಿಯ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ. ಎಣ್ಣೆ ಅತ್ತ ಹೋಗಿ ಹೇಂಟೆ ಕತ್ತು ಚಾಚಿ ಒದ್ದಾಡಿತು. ಬದುಕಿತು, ಪುಣ್ಯ. ಅಂದಿನಿಂದ ನಮ್ಮ ಮನೆಯಲ್ಲಿ ಸುರಿಯುವ ಮದ್ದು ಬಂದ್.

ನನ್ನವರದು ಪುಡಿಯ ಪಕ್ಷ. ಮೊದಲು ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಹಾಕಿದರು, ಏನೂ ಆಗಲಿಲ್ಲ. ಪಶುವೈದ್ಯರು ಕೇಳಿ ನಕ್ಕರು. ಇದು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿ, ಅಂದರೆ ಕೋಳಿಗಳ ದೀರ್ಘಕಾಲದ ಉಸಿರಾಟದ ರೋಗ ಇರಬೇಕು, ಆ ರೋಗಾಣುವಿಗೆ ಕೋಶಭಿತ್ತಿಯೇ ಇಲ್ಲ, ಭಿತ್ತಿ ಒಡೆಯುವ ಔಷಧಿ ಅದನ್ನೇನು ಮಾಡೀತು ಎಂದರು. ಹಸಿರು ಹಿಕ್ಕೆ ಹಾಕಿ ಕತ್ತು ತಿರುಚಿಕೊಂಡರೆ ಮಾತ್ರ ಅದು ವೈರಸ್‌ನಿಂದ ಬರುವ ಕೊಕ್ಕರೆ ರೋಗ, ಅದಕ್ಕೆ ಮದ್ದಿಲ್ಲ, ಮುಂಚೆಯೇ ಲಸಿಕೆ ಹಾಕಿಸಿರಬೇಕು ಎಂದೂ ಎಚ್ಚರಿಸಿದರು. ಬರೆದುಕೊಟ್ಟದ್ದು ನೀರಿಗೆ ಬೆರೆಸುವ ಟೈಲೋಸಿನ್ ಎಂಬ ಬೇರೆ ಬಗೆಯ ಆ್ಯಂಟಿಬಯಾಟಿಕ್ ಪುಡಿ.

ಮೊದಲ 2 ದಿನ ಅದೂ ಸೋತಿತು, ತಪ್ಪು ನಮ್ಮದೇ. ನಮ್ಮ ಕೋಳಿಗಳು ಬೆಳಗಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗದ್ದೆ ಬದುವಿಗೆ ಓಡುತ್ತವೆ. ಅಲ್ಲಿ ಬೇಕಾದಷ್ಟು ನೀರಿರುವಾಗ ನಮ್ಮ ಕಹಿ ನೀರನ್ನು ಯಾವುದು ಕುಡಿದೀತು? ಕೂಡಿ ಹಾಕಿ ಇದೊಂದೇ ನೀರು ಇಟ್ಟ ಮೇಲೆ 4ನೆಯ ರಾತ್ರಿ ಸದ್ದು ಅಡಗಿತು. ಔಷಧಿಯ ಅಂಶ ಮೊಟ್ಟೆಗೂ ಇಳಿಯುತ್ತದೆಂದು ವೈದ್ಯರು ಹೇಳಿದಷ್ಟು ದಿನ ಮೊಟ್ಟೆ ತಿನ್ನಲಿಲ್ಲ. ಮೊಮ್ಮಕ್ಕಳಿಗೆ ಆಮ್ಲೆಟ್ ಇಲ್ಲವೆಂದು ಅತ್ತೆ ಗೊಣಗಿದ್ದು ಬೇರೆ. ಆದರೆ 3 ವಾರದೊಳಗೆ 2 ಕೋಳಿಗಳು ಮತ್ತೆ ಸೀನತೊಡಗಿದವು.

ಆಗ ನಾನೇ ಗೂಡಿನೊಳಗೆ ಕೋಳಿಯಷ್ಟು ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತೆ. ಒಂದೇ ನಿಮಿಷಕ್ಕೆ ಕಣ್ಣು ಉರಿದು ನೀರು ಬಂತು. ಚಳಿಗೆಂದು ಸುತ್ತಲೂ ಪ್ಲಾಸ್ಟಿಕ್ ತಾಡಪಾಲು ಬಿಗಿದಿದ್ದೆವು. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಅದು ಉಸಿರುನಾಳದ ಒಳಪದರವನ್ನು ಸುಟ್ಟರೆ ರೋಗಾಣುವಿಗೆ ಬಾಗಿಲು ತೆರೆದಂತೆಯೇ. ಸಾಲದ್ದಕ್ಕೆ ಹೇನಿಗೆಂದು ನಾನು ಹರಡಿದ್ದ ಅಕ್ಕಿ ಗಿರಣಿಯ ಬೂದಿ ಪ್ರತಿ ರೆಕ್ಕೆ ಬಡಿತಕ್ಕೂ ಮೇಲೇಳುತ್ತಿತ್ತು.

ಬೂದಿಯನ್ನೆಲ್ಲ ಗುಡಿಸಿ ತೆಗೆದೆ. ತಾಡಪಾಲನ್ನು ಮೇಲಿನಿಂದ ಒಂದಡಿ ಇಳಿಸಿದೆ; ಕೂರುವ ಕೋಲಿನ ಮಟ್ಟದಲ್ಲಿ ಗಾಳಿ ಬೀಸದೆ, ಮೇಲಿನಿಂದ ಮಾತ್ರ ಹೊರಹೋಗಬೇಕು. ಹಳೆಯ ಹೊಟ್ಟನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದು ಗಿರಣಿಯಿಂದ ಒಣ ಭತ್ತದ ಹೊಟ್ಟು ತಂದು ಹಾಸಿದೆ. ಅಕ್ಕಿ ಗಿರಣಿಗಳ ಊರಾದ ಕಾರಟಗಿಯಲ್ಲಿ ಅದಕ್ಕೇನು ಬರವೇ? ಮೊದಲೇ ಇದನ್ನು ಮಾಡಿದ್ದರೆ ಪುಡಿಯ ಹಣ ಉಳಿಯುತ್ತಿತ್ತೇನೋ. ಆದರೂ ರೋಗ ಎದೆಗಿಳಿದಾಗ ಗಾಳಿಯೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ; ಆಗ ಪುಡಿಯೇ ಬೇಕು. ಅರಿಶಿನವನ್ನು ಅತ್ತೆಯ ಸಮಾಧಾನಕ್ಕೆ ನುಚ್ಚಿನಲ್ಲಿ ಬೆರೆಸುತ್ತಿದ್ದೇನೆ.

ಕೆಂಪು ಹೇಂಟೆಯೊಂದು ಮಾತ್ರ ಮೋಡ ಕವಿದ ರಾತ್ರಿ ಈಗಲೂ ಗೊರಗುಟ್ಟುತ್ತದೆ. ಗುಣವಾದಂತೆ ಕಂಡರೂ ರೋಗಾಣು ಮೈಯಲ್ಲಿ ಉಳಿದಿರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಸಂತೆಗೆ ಒಯ್ದು ಬಿಡು ಎಂದು ನೆರೆಯವರು ಹೇಳಿದರು. ಇನ್ನೊಬ್ಬರ ಗೂಡಿಗೆ ಇದನ್ನು ಮಾರಲು ಮನಸ್ಸಾಗಲಿಲ್ಲ. ಅದರ ಮೊಟ್ಟೆಗೆ ಇದ್ದಿಲಿನಿಂದ ಗುರುತು ಹಾಕಿ ಒಲೆಯ ಬದಿಗಿಡುತ್ತೇನೆ, ಕಾವಿಗೆ ಇಡುವುದಿಲ್ಲ.