ಜಪಾನಿ ಪ್ರಾಜೆಕ್ಟಿಗೆ ಉಕೆಓಯಿಯೋ, ಲ್ಯಾಬ್ ಮಾದರಿಯೋ?

ಜಪಾನಿ ಕಂಪನಿಗಳು ಇಲ್ಲಿಯ ತಂಡಗಳಿಂದ ಸಾಫ್ಟ್‌ವೇರ್ ಮಾಡಿಸಿಕೊಳ್ಳುವ ಎರಡೂ ಬಗೆಯ ಒಪ್ಪಂದಗಳಲ್ಲಿ ಕೆಲಸ ಮಾಡಿದ ಮೇಲೆ ಆ ಗಿರಾಕಿಗಳಿಗೆ ನಾವು ಹೇಳುವುದು ಒಂದೇ: ಕೈಲಾದರೆ ಲ್ಯಾಬ್ ಮಾದರಿ ತಗೊಳ್ಳಿ. ಉಕೆಓಯಿ ಅಂದರೆ ಗುತ್ತಿಗೆ, ಇಷ್ಟು ಹಣಕ್ಕೆ ಇಷ್ಟು ಕೆಲಸ ಮುಗಿಸಿಕೊಡುವುದು. ಲ್ಯಾಬ್‌ನಲ್ಲಿ ತಿಂಗಳ ಲೆಕ್ಕದಲ್ಲಿ ಒಂದು ತಂಡವನ್ನೇ ಇಟ್ಟುಕೊಳ್ಳುತ್ತಾರೆ.

ಕಾಗದದ ಮೇಲೆ ಉಕೆಓಯಿ ಭದ್ರವೇ. ಒಪ್ಪಂದಕ್ಕೆ ಹೊಂದದ ಕೆಲಸವನ್ನು ಸರಿಮಾಡಿಕೊಡಿ ಎಂದು ಕೇಳುವ ಹಕ್ಕು ಜಪಾನಿನ ಸಿವಿಲ್ ಕೋಡ್‌ನಲ್ಲೇ ಇದೆ. ತೊಡಕಿರುವುದು ಸ್ಪೆಕ್‌ನಲ್ಲಿ, ಅಂದರೆ ಏನೇನು ಮಾಡಿಕೊಡಬೇಕು ಎಂದು ಗಿರಾಕಿ ಬರೆದುಕೊಡುವ ವಿವರದಲ್ಲಿ. ಎಕ್ಸೆಲ್ ಹಾಳೆಯ ಮುಖ್ಯ ಜಾಗದಲ್ಲೇ 'ಗೆಂಕೋ ದೋರಿ', ಅಂದರೆ ಈಗಿರುವ ಹಾಗೆಯೇ, ಎಂದಷ್ಟೇ ಬರೆದಿರುತ್ತದೆ. ಹಳೆಯ ಸಿಸ್ಟಂ ಹೇಗಿದೆ ಎಂದು ನೋಡದೆಯೇ ಇಲ್ಲಿಯವರು ಎಸ್ಟಿಮೇಟ್ ಕೊಟ್ಟಿರುತ್ತಾರೆ.

ಬಿಲ್ಲಿನ ತೆರಿಗೆಯನ್ನೇ ನೋಡಿ. 105 ಯೆನ್‌ನ ಮೂರು ಆಹಾರ ವಸ್ತುಗಳು, ತೆರಿಗೆ 8%. ಸಾಲುಸಾಲಿಗೆ ಲೆಕ್ಕ ಹಾಕಿ ದಶಮಾಂಶ ಬಿಟ್ಟರೆ ಮೂರು ಸಲ 8, ಒಟ್ಟು 24 ಯೆನ್. ಒಟ್ಟು ಮೊತ್ತ 315ರ ಮೇಲೆ ಹಾಕಿದರೆ 25.2, ಅಂದರೆ 25. 2023ರ ಅಕ್ಟೋಬರ್ 1ರಿಂದ ಬಂದ ಇನ್‌ವಾಯ್ಸ್ ಪದ್ಧತಿಯಲ್ಲಿ ಒಂದು ಬಿಲ್ಲಿನಲ್ಲಿ ಒಂದು ದರಕ್ಕೆ ಒಂದೇ ಸಲ ರೌಂಡ್ ಮಾಡಬೇಕು. ಸಾಲುಸಾಲಿಗೆ ರೌಂಡ್ ಮಾಡುವ ಹಳೆಯ ಕೋಡನ್ನು 'ಈಗಿರುವ ಹಾಗೆಯೇ' ತಂದಿಟ್ಟರೆ ಒಂದು ಯೆನ್ ತಪ್ಪುತ್ತದೆ. ಅದು ಕಣ್ಣಿಗೆ ಬೀಳುವುದು ಕೊನೆಯ ಸ್ವೀಕಾರ ಪರೀಕ್ಷೆಯಲ್ಲಿ. ಆಗ ಇದು ಬಗ್ಗೋ, ಸ್ಪೆಕ್ ಬದಲಾವಣೆಯೋ ಎಂದು ವಾದ ಶುರು. ಬಗ್ ಆದರೆ ಖರ್ಚು ಇಲ್ಲಿಯ ತಂಡದ್ದು, ಬದಲಾವಣೆಯಾದರೆ ಗಿರಾಕಿಯದು. ಯಾರೂ ಬಿಟ್ಟುಕೊಡುವುದಿಲ್ಲ, ಬಿಡುಗಡೆಯ ದಿನ ಮಾತ್ರ ಹತ್ತಿರ ಬರುತ್ತಿರುತ್ತದೆ.

ಲ್ಯಾಬ್‌ನಲ್ಲಿ ಈ ಪ್ರಶ್ನೆ ದಿನದ ಕಾಲ್‌ನಲ್ಲೇ ಮುಗಿಯುತ್ತದೆ. ಬೆಂಗಳೂರಿನಲ್ಲಿ 9:30 ಆದಾಗ ಟೋಕಿಯೋದಲ್ಲಿ ಮಧ್ಯಾಹ್ನ 1 ಗಂಟೆ. ಇಲ್ಲಿ 2:30 ದಾಟಿ ಕೇಳಿದ್ದಕ್ಕೆ ಉತ್ತರ ಮರುದಿನವೇ, ಹಾಗಾಗಿ ಕಾಲ್ ಹತ್ತಕ್ಕೆ ಇಡಿ. ಇದೇ ಕೆಲಸ ಮಾಡಿಕೊಡುವ ವಿಯೆಟ್ನಾಂ ಟೋಕಿಯೋಗಿಂತ ಎರಡೇ ಗಂಟೆ ಹಿಂದಿದೆ, ಅದು ಅವರ ಅನುಕೂಲ. ಆದರೆ ಅಲ್ಲಿನ ಹೊಸವರ್ಷದ ಟೆಟ್ ರಜೆ ಮಾರ್ಚ್ ಕೊನೆಯ ಬಿಡುಗಡೆಗೆ ಮುಂಚೆಯೇ ಬರುತ್ತದೆ.

ಕೆಲಸವಿಲ್ಲದ ತಿಂಗಳಲ್ಲೂ ಲ್ಯಾಬ್‌ಗೆ ಹಣ ಕಟ್ಟಬೇಕು. ಆರು ತಿಂಗಳ ಕೆಲಸ ಕೈಯಲ್ಲಿಲ್ಲದವರು, ಸ್ಪೆಕ್ ಗಟ್ಟಿಯಾಗಿರುವ ಸಣ್ಣ ಟೂಲ್ ಬೇಕಾದವರು ಉಕೆಓಯಿಗೇ ಹೋಗಲಿ.

ಬ್ರಿಜ್ ಎಸ್‌ಇ (ಜಪಾನಿ ಗಿರಾಕಿಗೂ ಇಲ್ಲಿಯ ತಂಡಕ್ಕೂ ನಡುವೆ ನಿಂತು ಮಾತು ಮುಟ್ಟಿಸುವ ಎಂಜಿನಿಯರ್) ಸಂಬಳದಲ್ಲಿ ಮಾತ್ರ ಉಳಿತಾಯ ಬೇಡ. ಜಪಾನಿ ಭಾಷೆಯ ಎನ್2 ಸರ್ಟಿಫಿಕೇಟ್ ಒಂದೇ ಸಾಲದು. ಸಂದರ್ಶನದಲ್ಲಿ ಸ್ಪೆಕ್‌ನ ಒಂದು ಪುಟ ಕೊಟ್ಟು, ಇದರಲ್ಲಿ ಏನೇನು ಕೇಳಬೇಕು ಅಂತ ಹತ್ತು ಪ್ರಶ್ನೆ ಬರೆಸಿ. ಕೆಲಸ ಶುರುವಾದ ಮೊದಲ ಎರಡು ವಾರ ಹೊಸ ಕೋಡ್ ಬೇಡ. ಹಳೆಯ ಸಿಸ್ಟಂ ಓಡಿಸಿ ಟೆಸ್ಟ್ ಕೇಸ್ ಬರೆಸಿ, ಹಾಳೆಯಲ್ಲಿ 'ಗೆಂಕೋ ದೋರಿ' ಇದ್ದಲ್ಲೆಲ್ಲ ಆ ಕೇಸಿನ ನಂಬರ್ ಹಾಕಿಸಿ.