ಹೊಸ ಕಾರಿಗೆ ಯಾವ ಎಕ್ಸ್‌ಟ್ರಾ ಬೇಕು, ಯಾವುದು ಬೇಡ: ಘಾಟಿ ಮಳೆಯಲ್ಲಿ ಓಡಿಸಿ ನೋಡಿದ ಮೇಲೆ

2022ರಲ್ಲಿ ನಾವೊಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡೆವು. ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ಕೆಲಸದ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ ಆಗಾಗ ಹೋಗಬೇಕು. ಬೆಂಗಳೂರಿಗೆ ಹೋಗುವುದು ಹಬ್ಬಕ್ಕೋ ಮದುವೆಗೋ. ಅಂದರೆ ನಮ್ಮ ಕಾರು ಕಂಡಿರುವುದು ಹೆಚ್ಚಾಗಿ ಮಳೆ, ಕೆಸರು, ತಿರುವು ಮತ್ತು ಕರಾವಳಿಯ ಉಪ್ಪು ಗಾಳಿ. ಕಾರಿನ ಬಗ್ಗೆ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ನಾನಿಲ್ಲಿ ಬರೆಯುತ್ತಿರುವುದು ಅದರ ಜೊತೆ ದುಡ್ಡು ಕೊಟ್ಟು ಹಾಕಿಸಿದ, ಹಾಕಿಸದೇ ಬಿಟ್ಟ ಸಾಮಾನುಗಳ ಬಗ್ಗೆ. ಈ ಮಾತು ಯಾವ ಕಂಪನಿಯ ಕಾರಿಗೂ ಹೊಂದುತ್ತದೆ.

ಬುಕ್ಕಿಂಗ್ ದಿನ ಶೋರೂಮಿನಲ್ಲಿ ಕೊಡುವ ಕೊಟೇಶನ್ ಹಾಳೆ ನೋಡಿದ್ದೀರಲ್ಲ? ಕಾರಿನ ಬೆಲೆ, ರಸ್ತೆ ತೆರಿಗೆ, ವಿಮೆ, ಎಕ್ಸ್‌ಟೆಂಡೆಡ್ ವಾರಂಟಿ, ಫಾಸ್ಟ್ಯಾಗ್, ಆಮೇಲೆ 'ಎಸೆನ್ಷಿಯಲ್ ಕಿಟ್' ಅಂತ ಒಂದು ಸಾಲು, ಕೆಳಗೆ ಆಕ್ಸೆಸರೀಸ್ ಅಂತ ದೊಡ್ಡ ಮೊತ್ತ. ಲಕ್ಷಗಳ ಲೆಕ್ಕ ನಡೆಯುವಾಗ ಐದು ಸಾವಿರ ಕಣ್ಣಿಗೇ ಬೀಳುವುದಿಲ್ಲ. ಅಂಥ ಐದು ಸಾವಿರಗಳು ಸೇರಿ ನಲವತ್ತು, ಐವತ್ತು ಸಾವಿರ ಆಗುತ್ತದೆ. ನಾನು ಆ ದಿನ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ಇದನ್ನು ಆಮೇಲೆ ಹಾಕಿಸಲು ಆಗುತ್ತದಾ? ಆಗುತ್ತದೆ ಅಂದರೆ ಇವತ್ತು ಬೇಡ. ಆಗುವುದಿಲ್ಲ ಅಂದರೆ ದುಡ್ಡು ಅಲ್ಲಿಗೆ ಹೋಗಲಿ.

ಆಮೇಲೆ ಹಾಕಿಸಲು ಆಗದವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಹಿಂದಿನ ಗಾಜಿನ ವೈಪರ್ ಮತ್ತು ಡಿಫಾಗರ್. ಬೆಂಗಳೂರಿನ ಸ್ನೇಹಿತರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಅವರ ಪಟ್ಟಿಯಲ್ಲಿ ಮೊದಲು ಬರುವುದು ಸನ್‌ರೂಫ್, ದೊಡ್ಡ ಸ್ಕ್ರೀನ್. ಆದರೆ ಹ್ಯಾಚ್‌ಬ್ಯಾಕ್‌ನ ಹಿಂಭಾಗ ನೇರವಾಗಿ ಕಡಿದಂತೆ ಇರುತ್ತದೆ. ಓಡುವಾಗ ಚಕ್ರ ಎತ್ತುವ ಕೆಸರು ನೀರೆಲ್ಲ ಸುತ್ತಿ ಬಂದು ಆ ಗಾಜಿಗೇ ಕೂರುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ ಇಳಿಯುವ ಹೊತ್ತಿಗೆ ಒಳಗೆ ಉಸಿರಿನ ಹಬೆ, ಹೊರಗೆ ಕೆಂಪು ಮಣ್ಣು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಿಂದೆ ಬಸ್ ಬರುತ್ತಿದೆಯೋ ಬೈಕ್ ಬರುತ್ತಿದೆಯೋ ಗೊತ್ತಾಗಬೇಕಲ್ಲ? ಡಿಫಾಗರ್ ಅಂದರೆ ಗಾಜಿನಲ್ಲೇ ಅಚ್ಚು ಮಾಡಿದ ತೆಳು ತಂತಿಗಳು. ಅವು ಬಿಸಿಯಾಗಿ ಹಬೆ ಹೋಗುತ್ತದೆ. ವೈಪರ್‌ಗೆ ಮೋಟಾರ್, ನೀರಿನ ಪೈಪು, ವೈರಿಂಗ್ ಬೇಕು. ಕೆಳಗಿನ ವೇರಿಯಂಟ್ (ಅದೇ ಕಾರಿನ ಕಡಿಮೆ ಸೌಲಭ್ಯದ ಮಾದರಿ) ತಗೊಂಡು ಇವನ್ನು ಹೊರಗೆ ಹಾಕಿಸುತ್ತೇನೆ ಅಂದರೆ ಅದು ಕಂಪನಿ ಕೊಟ್ಟಷ್ಟು ಸರಿಯಾಗಿ ಕೂರುವುದಿಲ್ಲ. ನಾವು ಒಂದು ವೇರಿಯಂಟ್ ಮೇಲೆ ಹೋಗಿದ್ದೇ ಇದಕ್ಕೆ, ಜೊತೆಗೆ ಸೈಡ್ ಏರ್‌ಬ್ಯಾಗ್‌ಗಳಿಗೆ. ಇಷ್ಟು ಮಳೆಗಾಲ ಕಳೆದ ಮೇಲೂ ಇದೇ ಸರಿಯಾದ ಖರ್ಚು ಅನ್ನಿಸುತ್ತದೆ.

ಸೆಡಾನ್ ತಗೊಳ್ಳುವವರಿಗೆ ಹಿಂದಿನ ವೈಪರ್ ಚಿಂತೆ ಅಷ್ಟಿಲ್ಲ. ಅದರ ಗಾಜು ಇಳಿಜಾರಾಗಿ ಡಿಕ್ಕಿಯ ಮೇಲೆ ನಿಲ್ಲುವುದರಿಂದ ಕೆಸರು ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಡಿಫಾಗರ್ ಮಾತ್ರ ಅವರಿಗೂ ಬೇಕು.

ವೇರಿಯಂಟ್ ಏರಿಸುವಾಗ ನಮ್ಮ ರಾಜ್ಯದ ತೆರಿಗೆ ಲೆಕ್ಕವನ್ನು ಒಮ್ಮೆ ಕೂತು ನೋಡಿ. ನಾವು ತಗೊಂಡಾಗ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17 ಇತ್ತು. ಅದರ ಮೇಲೆ ಸೆಸ್ ಬೇರೆ. ಇದು ದಾಟಿದಷ್ಟು ಹಣಕ್ಕೆ ಮಾತ್ರ ಬೀಳುವ ತೆರಿಗೆ ಅಲ್ಲ, ಪೂರ್ತಿ ಬೆಲೆಗೆ ಬೀಳುತ್ತದೆ. ₹9.9 ಲಕ್ಷದ ಕಾರಿಗೆ ತೆರಿಗೆ ಸುಮಾರು ₹1.39 ಲಕ್ಷ. ₹10.2 ಲಕ್ಷದ ಕಾರಿಗೆ ಅದೇ ₹1.73 ಲಕ್ಷ. ಕಾರಿನ ಬೆಲೆ ಹೆಚ್ಚಿದ್ದು ಮೂವತ್ತು ಸಾವಿರ, ತೆರಿಗೆ ಹೆಚ್ಚಿದ್ದು ಮೂವತ್ತೈದು ಸಾವಿರದ ಹತ್ತಿರ. ಬರೀ ಅಲಾಯ್ ವೀಲ್ ಮತ್ತು ಸನ್‌ರೂಫ್‌ಗಾಗಿ ಈ ಗೆರೆ ದಾಟುವುದಾದರೆ ಇನ್ನೊಮ್ಮೆ ಯೋಚಿಸಿ. ಏರ್‌ಬ್ಯಾಗ್‌ಗಾಗಿ ದಾಟುವುದಾದರೆ ದಾಟಿ. ಹೊರಗೆ ಅಂಗಡಿಯಲ್ಲಿ ತಗೊಂಡ ಮ್ಯಾಟ್, ಕ್ಯಾಮೆರಾ, ಸ್ಪೀಕರ್‌ಗೆ ರಸ್ತೆ ತೆರಿಗೆ ಇಲ್ಲ. ಇದೂ ಲೆಕ್ಕಕ್ಕೆ ಬರಬೇಕು.

ಅಲಾಯ್ ನಮ್ಮ ವೇರಿಯಂಟ್‌ನಲ್ಲಿ ಇಲ್ಲ. ಸ್ಟೀಲ್ ವೀಲ್ ಗುಂಡಿಗೆ ಬಿದ್ದು ಬಾಗಿದರೆ ತಟ್ಟಿ ಸರಿ ಮಾಡುತ್ತಾರೆ, ಅಲಾಯ್ ಬಿರುಕು ಬಿಟ್ಟರೆ ಬದಲಾಯಿಸಬೇಕು. ಮಲೆನಾಡಿನ ರಸ್ತೆಗೆ ಸ್ಟೀಲೇ ಸಾಕು. ಸನ್‌ರೂಫ್ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಅದರ ಅಂಚಿನಿಂದ ನೀರು ಹೋಗಲು ಸಣ್ಣ ಪೈಪುಗಳಿರುತ್ತವೆ. ಮರದಡಿ ನಿಲ್ಲಿಸುವ ಊರಿನಲ್ಲಿ ಎಲೆ, ಹೂವು ಸಿಕ್ಕಿಕೊಂಡು ಅವು ಕಟ್ಟಿದರೆ ನೀರು ಒಳಗೆ ಇಳಿಯುತ್ತದೆ. ಇರುವವರು ಮಳೆಗಾಲಕ್ಕೆ ಮೊದಲು ಅದನ್ನು ಸ್ವಚ್ಛ ಮಾಡಿಸಿಕೊಳ್ಳಿ.

ರಿವರ್ಸ್ ಸೆನ್ಸರ್‌ಗೆ ಪ್ರತ್ಯೇಕ ದುಡ್ಡು ಕೇಳಿದರೆ ಕೊಡಬೇಡಿ. 2019ರ ಜುಲೈಯಿಂದ ಅದು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ ಕೂಡ ಹಾಗೆಯೇ. ಕ್ಯಾಮೆರಾ ಮಾತ್ರ ಬೇರೆ ವಿಷಯ. ಮನೆಗಳಲ್ಲಿ ಮಕ್ಕಳಿದ್ದಾರೆ, ಅಂಗಳದಲ್ಲಿ ನಾಯಿ, ಕರು ಇರುತ್ತವೆ. ಗಿಡ್ಡ ವಸ್ತು ಕನ್ನಡಿಯಲ್ಲಿ ಕಾಣುವುದಿಲ್ಲ. ಕ್ಯಾಮೆರಾವನ್ನು ನಾವು ಶಿವಮೊಗ್ಗದಲ್ಲಿ ಹೊರಗೆ ಹಾಕಿಸಿದೆವು. ಶೋರೂಮ್ ಹೇಳಿದ ಬೆಲೆಯ ಅರ್ಧಕ್ಕಿಂತ ಕಡಿಮೆ ಆಯಿತು. ಒಂದು ಷರತ್ತು ಹಾಕಿದ್ದೆ: ವೈರ್ ಕತ್ತರಿಸಬಾರದು, ಕಪ್ಲರ್, ಅಂದರೆ ನೇರ ಸಿಕ್ಕಿಸುವ ಪ್ಲಗ್, ಇರುವ ಸೆಟ್ಟೇ ಹಾಕಬೇಕು. ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಎಲೆಕ್ಟ್ರಿಕಲ್ ವಾರಂಟಿ ತಕರಾರಿಗೆ ಬೀಳುತ್ತದೆ. ಮಳೆನೀರು ಹೊಕ್ಕರೆ ಆ ಟೇಪ್ ಉಳಿಯುವುದೂ ಇಲ್ಲ. ಮ್ಯೂಸಿಕ್ ಸಿಸ್ಟಂ, ಹೆಚ್ಚುವರಿ ಹಾರ್ನ್, ಫಾಗ್ ಲ್ಯಾಂಪ್ ಎಲ್ಲಕ್ಕೂ ಇದೇ ಮಾತು.

ಫಾಗ್ ಲ್ಯಾಂಪ್ ಅಂದಾಗ ನೆನಪಾಯಿತು. ಬಂಪರ್‌ನಲ್ಲಿ ಜಾಗ ಬಿಟ್ಟಿರುವ ಕಾರಾದರೆ ಹಾಕಿಸಿ, ಮಂಜಿನಲ್ಲಿ ರಸ್ತೆ ಅಂಚಿನ ಬಿಳಿ ಗೆರೆ ಕಾಣಲು ಅದೇ ಆಧಾರ. ಎತ್ತರದಲ್ಲಿ ಕಟ್ಟುವ ಬೆಳ್ಳಗಿನ ಎಲ್‌ಇಡಿ ಬಾರ್ ಬೇಡವೇ ಬೇಡ. ಮಂಜಿಗೆ ಬಿದ್ದ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿನವನ ಕಣ್ಣೂ ಕುರುಡಾಗುತ್ತದೆ.

ಇನ್ನು ಸೀಟ್ ಕವರ್. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಸೈಡ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಹೊರಬರುವುದು ಮುಂದಿನ ಸೀಟಿನ ಪಕ್ಕದಿಂದ. ಅಲ್ಲಿ ಒಂದು ಸಣ್ಣ ಲೇಬಲ್ ಹೊಲಿದಿರುತ್ತಾರೆ. ಸುತ್ತಲೂ ಬಿಗಿಯಾಗಿ ಮುಚ್ಚುವ ಕವರ್ ಹಾಕಿದರೆ ಏರ್‌ಬ್ಯಾಗ್ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಅಪಘಾತದಲ್ಲಿ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಾವು ಏರ್‌ಬ್ಯಾಗ್‌ಗೆಂದು ದುಡ್ಡು ಕೊಟ್ಟು, ಕೆಲವು ಸಾವಿರದ ಕವರ್‌ನಿಂದ ಅದನ್ನು ಕಟ್ಟಿಹಾಕುವುದು ಯಾವ ನ್ಯಾಯ? ಆ ಜಾಗದಲ್ಲಿ ಬಿಚ್ಚಿಕೊಳ್ಳುವ ಹೊಲಿಗೆ ಇರುವ ಕವರ್ ಕೇಳಿ ತಗೊಳ್ಳಿ. ಸಿಗದಿದ್ದರೆ ಬಟ್ಟೆಯ ಸೀಟನ್ನೇ ಇಟ್ಟುಕೊಳ್ಳಿ. ನಾವು ಹಾಗೇ ಇಟ್ಟಿದ್ದೇವೆ, ಸೆಕೆಗಾಲದಲ್ಲಿ ಬೆನ್ನು ಬೆವರುವುದೂ ಕಡಿಮೆ.

ಕಾರಿನ ಮುಂದೆ ಬಂಪರ್‌ಗೆ ಕಟ್ಟುವ ಲೋಹದ ಚೌಕಟ್ಟು, ಅಂದರೆ ಬುಲ್ ಬಾರ್, ಕೂಡ ಇದೇ ಜಾತಿ. ಅದನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಬೇಡ ಅಂದಿದೆ. ಡಿಕ್ಕಿಯ ಪೆಟ್ಟು ಸೆನ್ಸರ್‌ಗೆ ತಲುಪುವ ರೀತಿಯೇ ಬದಲಾಗಿ ಏರ್‌ಬ್ಯಾಗ್ ತೆರೆಯುವುದು ಕೆಡಬಹುದು. ದಾರಿಯಲ್ಲಿ ನಡೆಯುವವರಿಗೆ ಬಡಿದರೆ ಗಾಯ ಜಾಸ್ತಿ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ತಡೆದಿದ್ದು ಎಲ್ಲರಿಗೂ ಗೊತ್ತೇ ಇದೆ. ಆದರೂ ಹೊಸ ಕಾರಿಗೆ ಕಡು ಕಪ್ಪು ಫಿಲ್ಮ್ ಹಾಕಿಸುವವರು ಇದ್ದಾರೆ. ರಾತ್ರಿ ಮಳೆಯಲ್ಲಿ ಪಕ್ಕದ ಕನ್ನಡಿಯೇ ಕಾಣದಂತೆ ಮಾಡಿಕೊಳ್ಳುವುದು ಯಾಕೆ?

ಕಡಿಮೆ ದುಡ್ಡಿಗೆ ಹೆಚ್ಚು ಉಪಕಾರ ಮಾಡಿದ್ದು ಮೂರು. ಮಡ್ ಫ್ಲ್ಯಾಪ್, ಅಂಚು ಎತ್ತರ ಇರುವ ರಬ್ಬರ್ ಮ್ಯಾಟ್, ಬಾಗಿಲಿನ ಗಾಜಿನ ಮೇಲಂಚಿಗೆ ಅಂಟಿಸುವ ಡೋರ್ ವೈಸರ್. ತೋಟದಿಂದ ನೇರ ಕಾರು ಹತ್ತಿದರೂ ಆ ಮ್ಯಾಟ್ ಮಣ್ಣು, ನೀರು ಎಲ್ಲ ಹಿಡಿದಿಟ್ಟುಕೊಳ್ಳುತ್ತದೆ. ತೆಗೆದು ಕೊಡವಿ ತೊಳೆದರೆ ಆಯಿತು. ದಪ್ಪ ಕಾರ್ಪೆಟ್ ಥರದ ಮ್ಯಾಟ್ ನಮ್ಮ ಕಡೆ ಬೇಡ. ಒಮ್ಮೆ ಒದ್ದೆಯಾದರೆ ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಚಾಲಕನ ಕಡೆಯ ಮ್ಯಾಟ್ ಜಾರಿ ಪೆಡಲ್ ಅಡಿಗೆ ಹೋಗದಂತೆ ಹುಕ್ ಇದೆಯಾ ನೋಡಿ. ವೈಸರ್ ಇದ್ದರೆ ಮಳೆಯಲ್ಲೂ ಗಾಜು ಒಂದು ಬೆರಳಷ್ಟು ಇಳಿಸಿ ಹೋಗಬಹುದು, ಹಬೆ ಅರ್ಧ ಅಲ್ಲೇ ಹೋಗುತ್ತದೆ.

ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ಜನ ನನ್ನನ್ನು ಕೇಳುವುದು ಜಾಸ್ತಿ. ಕರಾವಳಿಗೆ ಹೋಗಿಬರುವ ಕಾರು ಅಲ್ವಾ, ತುಕ್ಕು ಹಿಡಿಯುವುದಿಲ್ಲವಾ ಅಂತ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಅಲೆಯ ಹನಿ ಗಾಜಿಗೆ ಬಂದು ಕೂರುವ ದಿನಗಳಿವೆ. ಆದರೂ ನಾವು ಹಾಕಿಸಲಿಲ್ಲ. ಈಗಿನ ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ತುಕ್ಕು ತಡೆಯುವ ಪ್ರೈಮರ್ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ತೆಗೆಯುತ್ತಾರೆ. ಅದರ ಮೇಲೆ ಅವಸರದಲ್ಲಿ ಸ್ಪ್ರೇ ಹೊಡೆದರೆ ನೀರು ಹೋಗಲು ಬಿಟ್ಟ ಸಣ್ಣ ತೂತುಗಳು ಮುಚ್ಚಿ, ನೀರು ಒಳಗೇ ನಿಲ್ಲುವ ಅಪಾಯ ಇದೆ. ಅದರ ಬದಲು ಕರಾವಳಿಗೆ ಹೋಗಿ ಬಂದಾಗ ಅಡಿಯಿಂದ ಪ್ರೆಷರ್ ನೀರು ಹೊಡೆಸುತ್ತೇವೆ. ಸರ್ವಿಸ್‌ನಲ್ಲಿ ಲಿಫ್ಟ್ ಮೇಲೆ ಏರಿಸಿದಾಗ ಪ್ರತಿ ಸಲ ನಿಂತು ನೋಡಿದ್ದೇನೆ. ತುಕ್ಕು ಕಾಣುವುದು ಸೈಲೆನ್ಸರ್ ಮತ್ತು ಕೆಲವು ಬೋಲ್ಟ್ ಮೇಲೆ. ಸೈಲೆನ್ಸರ್‌ಗೆ ಆ ಕೋಟಿಂಗ್ ಹೇಗೂ ಹೊಡೆಯುವುದಿಲ್ಲ. ಮಲ್ಪೆ, ಗಂಗೊಳ್ಳಿಯಂಥ ಕಡಲ ಬದಿಯಲ್ಲೇ ರಾತ್ರಿ ಹಗಲು ಕಾರು ನಿಲ್ಲಿಸುವವರಾದರೆ ಬೇರೆ ಮಾತು. ಅವರು ಬೇಸಿಗೆಯಲ್ಲಿ, ಅಡಿಭಾಗ ಪೂರ್ತಿ ಒಣಗಿದ ಮೇಲೆ, ಕೆಲಸ ಬಲ್ಲವರ ಕೈಯಲ್ಲಿ ಹಾಕಿಸಲಿ. ಬಣ್ಣದ ಮೇಲಿನ ಟೆಫ್ಲಾನ್, ಸೆರಾಮಿಕ್ ನನ್ನ ದೃಷ್ಟಿಯಲ್ಲಿ ಬರೀ ಹೊಳಪಿನ ಆಸೆ. ಇಷ್ಟವಿದ್ದರೆ ಮಾಡಿಸಿ, ಕಾರಿನ ಆಯುಷ್ಯಕ್ಕೆ ಅದು ಬೇಕೇ ಬೇಕು ಅನ್ನುವಂಥದ್ದಲ್ಲ.

ಇಲಿ ಕಾಟಕ್ಕೆಂದು ಬಾನೆಟ್ ಅಡಿಗೆ ಜಾಲರಿ ಮಾರುತ್ತಾರೆ. ನಮ್ಮಲ್ಲಿ ಹೊಗೆಸೊಪ್ಪಿನ ಸಣ್ಣ ಕಟ್ಟು ಬಟ್ಟೆಯಲ್ಲಿ ಸುತ್ತಿ, ಬಿಸಿ ತಾಗದ ಕಡೆ ಕಟ್ಟುತ್ತೇವೆ, ವಾಸನೆ ಹೋದ ಮೇಲೆ ಬದಲಾಯಿಸುತ್ತೇವೆ. ಇಲ್ಲಿಯವರೆಗೆ ವೈರ್ ಕಡಿದಿಲ್ಲ.

ನಾನು ಹಿಂಜರಿಯದೆ ದುಡ್ಡು ಕೊಡುವ ಎಕ್ಸ್‌ಟ್ರಾ ಒಂದಿದ್ದರೆ ಅದು ವಿಮೆಯ ಆಡ್-ಆನ್, ಅಂದರೆ ಸಾಮಾನ್ಯ ಪಾಲಿಸಿಯ ಮೇಲೆ ದುಡ್ಡು ಕೊಟ್ಟು ಸೇರಿಸುವ ರಕ್ಷಣೆ. ಕಣ್ಣಿಗೆ ಕಾಣುವ ಸಾಮಾನಲ್ಲ, ಹಾಗಾಗಿ ಜನ ಇದನ್ನೇ ಮೊದಲು ಕಡಿತ ಮಾಡುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರು ಹೊಸದಿದ್ದರೂ ಶೇ 50 ಸವಕಳಿ ಕಳೆಯುತ್ತಾರೆ. ಈಗಿನ ಕಾರಿನಲ್ಲಿ ಮೊದಲು ಪೆಟ್ಟು ಬೀಳುವ ಬಂಪರ್, ಗ್ರಿಲ್, ಕನ್ನಡಿಯ ಕವಚ ಎಲ್ಲ ಪ್ಲಾಸ್ಟಿಕ್ಕೇ. ಅಂದರೆ ಅರ್ಧ ಬಿಲ್ ನಮ್ಮ ತಲೆಗೆ. ಝೀರೋ ಡೆಪ್ರಿಸಿಯೇಶನ್ ಅನ್ನುವ ಆಡ್-ಆನ್ ಇದ್ದರೆ ಈ ಕಡಿತ ಇಲ್ಲ. ಶಿವಮೊಗ್ಗದಲ್ಲಿ ಒಂದು ಆಟೋ ನಮ್ಮ ಹಿಂದಿನ ಬಂಪರ್ ಸೀಳಿ ಹೋದಾಗ ನಾವು ಕೈಯಿಂದ ಕೊಟ್ಟಿದ್ದು ಕಡ್ಡಾಯ ಕಡಿತದ ಸಾವಿರ ರೂಪಾಯಿ ಮತ್ತು ಕ್ಲಿಪ್, ನಟ್ಟುಗಳ ಚಿಲ್ಲರೆ ಮೊತ್ತ. ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಈ ಸೌಲಭ್ಯ ಸಿಗುತ್ತದೆ ಅನ್ನುವುದನ್ನು ಪಾಲಿಸಿಯಲ್ಲಿ ಓದಿಕೊಳ್ಳಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ.

ಎರಡನೆಯದು ಎಂಜಿನ್ ಪ್ರೊಟೆಕ್ಷನ್. ನಿಂತ ನೀರಿನಲ್ಲಿ ಎಂಜಿನ್ ಆಫ್ ಆಗಿ, ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಒಳಗೆ ಸೇರಿದ ನೀರಿನಿಂದ ಕನೆಕ್ಟಿಂಗ್ ರಾಡ್ ಬಾಗಬಹುದು. ರಿಪೇರಿ ಲಕ್ಷ ದಾಟಬಹುದು. ಸಾಮಾನ್ಯ ಪಾಲಿಸಿಯಲ್ಲಿ ಇದಕ್ಕೆ ಹಣ ಸಿಗುವುದು ಕಷ್ಟ. ಬೆಂಗಳೂರಿನ ಅಂಡರ್‌ಪಾಸ್ ಇರಲಿ, ಕರಾವಳಿಯ ನೆರೆ ಇರಲಿ, ಮಳೆಗಾಲದಲ್ಲಿ ಓಡಾಡುವವರಿಗೆ ಇದು ಬೇಕು. ಆಡ್-ಆನ್ ಇದ್ದರೂ ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿ.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕು ಅನ್ನುವ ಕಾನೂನು ಇಲ್ಲ. ನಮಗೆ ಶೋರೂಮಿನಲ್ಲಿ ಮೊದಲು ಹಾಗೇ ಹೇಳಿದರು. ಹೊರಗಿನ ಕೊಟೇಶನ್ ಮೇಜಿನ ಮೇಲೆ ಇಟ್ಟ ಮೇಲೆ ಅದೇ ಆಡ್-ಆನ್‌ಗಳ ಜೊತೆ ದರ ಇಳಿಯಿತು. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕೆ ಕಡ್ಡಾಯ. ನಮ್ಮ ಕಾರಿನ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಸಿ, ಮುಂದಿನ ವರ್ಷ ಬೇರೆ ಕಂಪನಿಗೆ ಹೋಗಬಹುದು. 'ಎಸೆನ್ಷಿಯಲ್ ಕಿಟ್'ನಲ್ಲಿ ಏನೇನಿದೆ ಅಂತ ಬರೆದು ಕೊಡಿ ಅಂದಾಗ ಆ ಸಾಲನ್ನೇ ಹೊಡೆದು ಹಾಕಿದರು. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇದ್ದರೆ ಅದನ್ನೂ ಕೇಳಿ ತೆಗೆಸಿ. ಗಲಾಟೆ ಬೇಡ, ಸುಮ್ನೆ ಶಾಂತವಾಗಿ ಕೇಳಿದರೆ ಸಾಕು.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ನಾವು ಬುಕ್ಕಿಂಗ್ ದಿನ ತಗೊಳ್ಳಲಿಲ್ಲ. ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ತಗೊಳ್ಳಬಹುದಿತ್ತು, ಆದರೆ ತಡ ಮಾಡಿದಷ್ಟು ದರ ಏರುತ್ತಿತ್ತು. ಆ ದರದ ಹಂತಗಳನ್ನು ಬರೆಸಿಕೊಂಡು, ಮೊದಲ ಹಂತ ಮುಗಿಯುವ ಮುನ್ನ ಕಟ್ಟಿದೆವು. ಹಳೆಯ ಕಾಲದ ಕಾರಾಗಿದ್ದರೆ ಬೇಡ ಅನ್ನುತ್ತಿದ್ದೆ. ಈಗ ಸ್ಕ್ರೀನ್, ಸೆನ್ಸರ್, ಪವರ್ ಸ್ಟೀರಿಂಗ್ ಮೋಟಾರ್, ಎಲ್ಲವೂ ಎಲೆಕ್ಟ್ರಾನಿಕ್. ಊರ ಗ್ಯಾರೇಜಿನವರು ಬಿಚ್ಚಿ ಸರಿ ಮಾಡುವಂಥದ್ದಲ್ಲ, ಪೂರ್ತಿ ಬದಲಾಯಿಸಬೇಕು. ಕ್ಲಚ್, ಬ್ರೇಕ್ ಪ್ಯಾಡ್, ಟಯರ್, ಬ್ಯಾಟರಿಯಂಥ ಸವೆಯುವ ಸಾಮಾನು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಸರ್ವಿಸ್ ಹೊತ್ತಿಗೆ ಸರಿಯಾಗಿ ಮಾಡಿಸಿದ ದಾಖಲೆಯೂ ಬೇಕು. ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ಗ್ಲವ್ ಬಾಕ್ಸ್‌ನಲ್ಲಿ ಇಟ್ಟಿದ್ದೇವೆ, ಫೋನಿನಲ್ಲೂ ಫೋಟೋ ಇದೆ.