ಎರಡು ವರ್ಷದ ಬಳಕೆ: ಕ್ರಿಟಾದಲ್ಲಿ ಗ್ರೀಕ್ ದೇಗುಲ, ಕಡಲು, ಆಕಾಶ

ಪುರಾತನ ಗ್ರೀಸ್‌ನ ಭೂದೃಶ್ಯ ಬಿಡಿಸಲು ಕ್ರಿಟಾ ಎಂಬ ಚಿತ್ರಕಲೆಯ ಸಾಫ್ಟ್‌ವೇರ್ ಸಾಕು, ದುಡ್ಡೂ ಕೊಡಬೇಕಿಲ್ಲ. ಆದರೆ ಮೆಮೊರಿ ವಿಷಯದಲ್ಲಿ ಹಸಿವು ಜಾಸ್ತಿ. 4000×2500 ಪಿಕ್ಸೆಲ್‌ನ ಕ್ಯಾನ್ವಾಸ್‌ನಲ್ಲಿ ಪೂರ್ತಿ ತುಂಬಿದ ಒಂದು ಲೇಯರ್ (ಚಿತ್ರದ ಪದರ) 8 ಬಿಟ್ ಬಣ್ಣದಲ್ಲಿ 40 ಎಂಬಿ, 16 ಬಿಟ್‌ನಲ್ಲಿ 80 ಎಂಬಿ ತಿನ್ನುತ್ತದೆ. ಹಾಗಂತ 8 ಬಿಟ್‌ಗೆ ಇಳಿದರೆ ಏಜಿಯನ್ ಕಡಲಿನ ಮೇಲಣ ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. 16 ಬಿಟ್ ಇಟ್ಟುಕೊಂಡು ಲೇಯರ್ ಕಡಿಮೆ ಮಾಡುವುದೇ ವಾಸಿ.

ಅಭ್ಯಾಸಕ್ಕೆ ಗ್ರೀಸ್‌ನ ಸೂನಿಯನ್ ಭೂಶಿರದಲ್ಲಿರುವ, ಕಡಲದೇವ ಪೊಸೈಡನ್‌ನ ದೇಗುಲ ಒಳ್ಳೆಯದು. ಕಡಲಂಚಿನ ಸುಮಾರು 60 ಮೀಟರ್ ಎತ್ತರದ ಬಂಡೆ, ಮೇಲೆ ಬಿಳಿ ಅಮೃತಶಿಲೆ. ಕಂಬದ ಎತ್ತರ 6.1 ಮೀಟರ್, ಅಗಲ ಬುಡದಲ್ಲಿ 1 ಮೀಟರ್, ತುದಿಯಲ್ಲಿ 79 ಸೆಂ.ಮೀ. ಅಂದರೆ ಬುಡ 100 ಪಿಕ್ಸೆಲ್ ಇದ್ದರೆ ಎತ್ತರ 610, ತುದಿ 79. ಅಥೆನ್ಸ್‌ನ ಪಾರ್ಥೆನಾನ್ ದೇಗುಲದ ಕಂಬಗಳಲ್ಲಿ ಮೇಲಿಂದ ಕೆಳಗೆ ಕೊರೆದ 20 ತೋಡುಗಳಿದ್ದರೆ ಇಲ್ಲಿ 16 ಮಾತ್ರ. ಕಣ್ಣಿಗೆ ಬೀಳುವುದು 8.

ಎಡವುವುದು ಈ ಎಂಟರಲ್ಲೇ. ಸಮ ಅಗಲಕ್ಕೆ ಗೆರೆ ಎಳೆದರೆ ಕಂಬ ತಗಡಿನ ಶೀಟಿನಂತೆ ಚಪ್ಪಟೆ. ಬುಡದ ಕೆಳಗೆ ಅರ್ಧವೃತ್ತ ಹಾಕಿ, 22.5 ಡಿಗ್ರಿಗೊಂದು ಗುರುತು ಮಾಡಿ, ಅಲ್ಲಿಂದ ನೇರ ಮೇಲಕ್ಕೆ ಗೆರೆ ಎತ್ತಿ. ಅಂಚಿನ ತೋಡುಗಳು ತಾವೇ ಕಿರಿದಾಗುತ್ತವೆ. ಆಮೇಲೆ ಟ್ರಾನ್ಸ್‌ಫಾರ್ಮ್ ಟೂಲ್‌ನ ಪರ್ಸ್ಪೆಕ್ಟಿವ್‌ನಲ್ಲಿ ತುದಿಯನ್ನು 79ಕ್ಕೆ ಒತ್ತಿ. ಕಲ್ಲುದಿಂಡುಗಳು ಕೂಡುವ ಅಡ್ಡಗೆರೆ ಕೊನೆಗೆ ಹಾಕಿ. ಮೊದಲೇ ಹಾಕಿದರೆ ಅವುಗಳ ಅಂತರ ಕೆಡುತ್ತದೆ.

ಸಾಲು ಕಂಬಗಳಿಗೆ ಕ್ಲೋನ್ ಲೇಯರ್ (ಮೂಲದ ಜೀವಂತ ನಕಲು) ಸೊಗಸು: ಮೂಲ ಕಂಬ ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಪ್ರತಿ ಕ್ಲೋನ್‌ಗೂ ಅಳತೆ, ಜಾಗ ಬದಲಿಸುವ ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿದಿರೋ, ಬ್ರಷ್ ಕುಂಟತೊಡಗುತ್ತದೆ. ಅಳತೆ ಪಕ್ಕಾ ಆದೊಡನೆ ಫ್ಲಾಟನ್ ಮಾಡಿ, ಅಂದರೆ ಮಾಸ್ಕನ್ನು ಲೇಯರ್‌ನಲ್ಲೇ ಬೆರೆಸಿಬಿಡಿ. ಮೆಟ್ಟಿಲು, ಸೂರಿನಂಚುಗಳಿಗೆ ವ್ಯಾನಿಶಿಂಗ್ ಪಾಯಿಂಟ್ ಅಸಿಸ್ಟಂಟ್ (ಗೆರೆಗಳನ್ನು ದೂರದ ಒಂದು ಬಿಂದುವಿನತ್ತ ಒಯ್ಯುವ ಮಾರ್ಗದರ್ಶಿ) ಎರಡು ಸಾಕು. ಬ್ರಷ್ ಟೂಲ್‌ನ ಆಯ್ಕೆಗಳಲ್ಲಿ ಸ್ನ್ಯಾಪ್ ಆನ್ ಮಾಡದಿದ್ದರೆ ಅವು ಬರೀ ಗೆರೆ, ಕೈಯನ್ನು ಹಿಡಿಯುವುದಿಲ್ಲ.

ಇನ್ನುಳಿದ ತಪ್ಪುಗಳು ಸಾಫ್ಟ್‌ವೇರ್‌ನವಲ್ಲ. ಕ್ರಿ.ಪೂ. 440ರ ಸುಮಾರಿನ ನೋಟವೆಂದು ಹೇಳಿ ಮುರಿದ ಕಂಬ ಬಿಡಿಸುವವರು ಬಹಳ. ಆಗ ಅದು ಹೊಸ ಕಟ್ಟಡ, ಚಾವಣಿ ಬೇಕು, ಸೂರಿನಡಿಯ ಪಟ್ಟಿಗೆ ನೀಲಿ, ಕೆಂಪು ಬಣ್ಣವೂ ಬೇಕು. ಮೆಡಿಟರೇನಿಯನ್ ಎಂದು ಸಿಗುವ ಗಿಡದ ಬ್ರಷ್‌ಗಳನ್ನು ಕಣ್ಣುಮುಚ್ಚಿ ಬಳಸಬೇಡಿ: ಪಾಪಾಸುಕಳ್ಳಿ, ಕತ್ತಾಳೆ ಎರಡೂ ಅಮೆರಿಕದಿಂದ 1492ರ ನಂತರ ಬಂದವು. ಆಲಿವ್, ಪೈನ್, ಕಲ್ಲುಸಂದಿಯ ಥೈಮ್ ಪೊದೆ ಧಾರಾಳವಾಗಿ ಹಾಕಬಹುದು.